ಡೂಲಾಲಿ ತಾಪ

ನನ್ನ ಗಂಡನಿಗೆ ತಲೆ ಕೆಟ್ಟಿದೆ ಎಂದು ಇಂಗ್ಲಿಷಿನಲ್ಲಿ ಮೊದಲು ಹೇಳಿದವಳು ನನ್ನ ಮಗಳು. ಕನ್ನಡದಲ್ಲಿ ನಾನು ಅದಕ್ಕೂ ಎಷ್ಟೋ ಮುಂಚಿನಿಂದ ಹೇಳುತ್ತಿದ್ದೆ. ಆದರೆ ಹೆಂಡತಿಯ ಮಾತನ್ನು ಯಾರು ಕಿವಿಗೆ ಹಾಕಿಕೊಳ್ಳುತ್ತಾರೆ ಹೇಳಿ.

2012ರ ಮಾತು ಇದು. ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ, ಮಾನಪಾಡಾ ರಸ್ತೆಯ ಹಳೇ ಬಿಲ್ಡಿಂಗೊಂದರ ಎರಡನೇ ಮಹಡಿಯಲ್ಲಿ ನಮ್ಮ ಬಾಡಿಗೆ ಮನೆ. ಮದುವೆಯಾಗಿ ಮೈಸೂರಿನಿಂದ ಬಂದು ಸೇರಕ್ಕಿ ಒದ್ದದ್ದೂ ಅದೇ ಹೊಸ್ತಿಲಲ್ಲಿ, ಮಗಳು ಸ್ಪಂದನಾಳನ್ನು ಬಾಣಂತನ ಮುಗಿಸಿ ಎತ್ತಿಕೊಂಡು ಬಂದದ್ದೂ ಅದೇ ಮನೆಗೆ. ಮಾಲೀಕರು ಪುಣೆಯಲ್ಲಿದ್ದಾರೆ. ಒಳ್ಳೆಯ ಜನ, ಒಂದು ದಿನಕ್ಕೂ ಖಾಲಿ ಮಾಡಿ ಎಂದವರಲ್ಲ. ಖಾಲಿ ಮಾಡುತ್ತೇವೆ, ಇನ್ನೇನು ಖಾಲಿ ಮಾಡುತ್ತೇವೆ ಎಂದು ಕುಣಿಯುತ್ತಿದ್ದವರು ನಮ್ಮವರೇ.

ಯಾಕೆಂದರೆ ಕಲ್ಯಾಣದಾಚೆ ಶಹಾಡದ ಕಡೆ ನಾವೊಂದು ಫ್ಲಾಟು ಬುಕ್ ಮಾಡಿದ್ದೆವು. ಬಿಲ್ಡರನ ಹೆಸರು ಹೇಳುವುದಿಲ್ಲ, ಸುಮ್ಮನೆ ಬಾಯಿ ಯಾಕೆ ಹೊಲಸು ಮಾಡಿಕೊಳ್ಳಲಿ. ಸ್ಪಂದನಾ ಶಾಲೆಯಲ್ಲಿದ್ದಾಗ ಬುಕ್ ಮಾಡಿದ್ದು. ಅವಳು ಕಾಲೇಜು ಮುಗಿಸಿ, ಐರೋಲಿಯ ಕಾಲ್ ಸೆಂಟರಿನಲ್ಲಿ ಇಂಗ್ಲೆಂಡಿನವರ ಫೋನುಗಳಿಗೆ ಉತ್ತರ ಕೊಡುವ ಕೆಲಸ ಹಿಡಿದರೂ ಕಟ್ಟಡ ಮಾತ್ರ ನಾಲ್ಕನೇ ಸ್ಲ್ಯಾಬಿಗೆ ನಿಂತಿತ್ತು. ನಮ್ಮದು ಏಳನೇ ಮಹಡಿ. ಅಂದರೆ ನಮ್ಮ ಮನೆ ಇರಬೇಕಾದ ಜಾಗದಲ್ಲಿ ಕಾಗೆ ಹಾರುತ್ತಿತ್ತು.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ, ನಮ್ಮನೆಯಲ್ಲಿ ಎಲ್ಲವೂ ಆ ಕಾಗೆ ಹಾರುವ ಜಾಗಕ್ಕಾಗಿ ಕಾಯುತ್ತಿತ್ತು. ಫ್ಯಾನು ಕಿರ್ರೆನ್ನುತ್ತದೆ ಎಂದರೆ ಇವರು, "ಹೊಸ ಮನೆಗೆ ಹೋದಮೇಲೆ" ಎನ್ನುವರು. ಗೋಡೆಗೆ ಸುಣ್ಣ? ಹೊಸ ಮನೆಗೆ ಹೋದಮೇಲೆ. ನಮ್ಮ ಅಡುಗೆ ಕಟ್ಟೆ ಸಿಂಕಿನ ಕಡೆಗೆ, ಪಶ್ಚಿಮಕ್ಕೆ ಇಳಿಜಾರು. ಸಾಲದ್ದಕ್ಕೆ ಒಲೆಯ ಆ ಕಡೆಯ ಒಂದು ಕಾಲಿನ ರಬ್ಬರು ಕಳಚಿ ಬಿದ್ದು ಎಷ್ಟೋ ಕಾಲವಾಗಿತ್ತು. ಸಾರು ಉಕ್ಕಲಿ, ಹಾಲು ಉಕ್ಕಲಿ, ಎಲ್ಲ ಸೀದಾ ಸಿಂಕಿಗೆ. "ಆ ಕಾಲಿಗೆ ಏನಾದರೂ ಕೊಡ್ರೀ" ಎಂದು ನಾನು ಬಾಯಿ ಬಡಿದುಕೊಂಡರೆ ಅದಕ್ಕೂ ಅದೇ ಮಂತ್ರ. ನನ್ನ ಅಮ್ಮ ಗೃಹಪ್ರವೇಶದಲ್ಲಿ ಹಾಲುಕ್ಕಿಸುವುದಕ್ಕೆಂದೇ ಒಂದು ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸಿ ಕೊಟ್ಟಿದ್ದಳು. ಅದು ಸುತ್ತಿದ ಬಟ್ಟೆ ಬಿಚ್ಚದೆ ರಟ್ಟಿನ ಡಬ್ಬದಲ್ಲಿ ಕೂತಿತ್ತು. ಅಮ್ಮ ಕಾದು ಕಾದು ಹೋಗಿಯೇಬಿಟ್ಟಳು.

ಅಲ್ಲಿಯವರೆಗೂ ಹೇಗೋ ನಡೆದಿತ್ತು. ಇವರು ವಾಗ್ಳೆ ಎಸ್ಟೇಟಿನ ಒಂದು ಫ್ಯಾಕ್ಟರಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದರು. ನಟ್ಟು ಬೋಲ್ಟುಗಳ ನಡುವೆ ಮನುಷ್ಯ ಸರಿಯಾಗಿಯೇ ಇದ್ದರು. ಆ ಫ್ಯಾಕ್ಟರಿ ಗುಜರಾತಿಗೆ ಹೋಯಿತು. ಇವರ ಕೈಗೆ ವಿಆರ್‌ಎಸ್ ಕೊಟ್ಟು, ಹಾರ ಹಾಕಿ, ಗೋಡೆ ಗಡಿಯಾರವೊಂದನ್ನು ಕೊಟ್ಟು ಕಳಿಸಿದರು. ಕೆಲಸವಿಲ್ಲದ ಮನುಷ್ಯನಿಗೆ ಗಡಿಯಾರ ಕೊಟ್ಟ ಪುಣ್ಯಾತ್ಮನನ್ನು ನಾನು ಒಮ್ಮೆ ನೋಡಬೇಕು.

ಆಮೇಲೆ ಶುರುವಾಯಿತು. ಮೊದಲು ಪುಸ್ತಕಗಳನ್ನು ರಟ್ಟಿನ ಡಬ್ಬಕ್ಕೆ ತುಂಬಿದರು, ಆಮೇಲೆ ಚಳಿಗಾಲದ ಬಟ್ಟೆ, ಆಮೇಲೆ ದೇವರ ಪಟಗಳಲ್ಲಿ ಅರ್ಧ. ಸಕ್ಕರೆ ಡಬ್ಬ ಬೇಕೆಂದರೆ ನಾನು ಟೇಪು ಕೀಳಬೇಕು. ಭಾನುವಾರ ಬಂದರೆ ಬೂಟು ಹಾಕಿ, ಬಿಲ್ಡರನ ಬಣ್ಣದ ಬ್ರೋಷರನ್ನು ಜೇಬಿಗಿಟ್ಟುಕೊಂಡು ಶಹಾಡಕ್ಕೆ ಹೋಗಿ, ಬೀಗ ಹಾಕಿದ ಗೇಟಿನ ಮುಂದೆ ಕೂತು ಬರುವರು. ಉಳಿದ ದಿನ ಹಜಾರದಲ್ಲಿ ಒಂದು ಡಬ್ಬದ ಮೇಲೆ ಕೂತಿರುವರು, ಕುರ್ಚಿಯ ಮೇಲೂ ಅಲ್ಲ. ಮಾತು ಕಡಿಮೆಯಾಯಿತು, ಊಟ ಕಡಿಮೆಯಾಯಿತು. ಗಡ್ಡ ಮಾತ್ರ ಬೆಳೆಯಿತು.

"ರೀ, ಗಡ್ಡ ಬೋಳಿಸೋದೂ ಹೊಸ ಮನೆಗೆ ಹೋದಮೇಲೇನಾ?" ಎಂದು ರೇಗಿದೆ ಒಂದು ದಿನ. ಅವರು ನನ್ನನ್ನು ನೋಡಿದರು, ಅಷ್ಟೇ. ಮೊದಲಾಗಿದ್ದರೆ ತಿರುಗಿ ಎರಡು ಮಾತು ಅನ್ನುತ್ತಿದ್ದರು. ಆವತ್ತು, ಫ್ಲಾಟು ಹೋದರೆ ಹಾಳಾಗಿ ಹೋಗಲಿ, ಈ ಮನುಷ್ಯ ನನ್ನ ಕೈಬಿಟ್ಟು ಹೋಗುತ್ತಿದ್ದಾರಲ್ಲ ಎಂದು ಬಚ್ಚಲಿಗೆ ಹೋಗಿ ಅತ್ತೆ.

ನಮ್ಮ ಎದುರು ಮನೆಯ ಹರಿಶ್ಚಂದ್ರ ಕುಂದಾಪುರದ ಕಡೆಯವರು, ಸ್ಟೇಷನ್ ಹತ್ತಿರ ಹೋಟೆಲು ನಡೆಸುತ್ತಾರೆ. ಅವರು ಬಂದು, "ಎಂಥದು ಮಾರಾಯ್ರೆ ಹೀಗೆ ಕೂತದ್ದು? ನಮ್ಮ ಹೋಟ್ಲಿನ ಸ್ಟೋರ್ ನೋಡ್ಲಿಕ್ಕೆ ಒಂದು ಜನ ಬೇಕು. ಹುಡುಗ್ರು ಉದ್ದು, ಅಕ್ಕಿ ಎಲ್ಲ ಎಲ್ಲೆಲ್ಲೋ ಇಡ್ತಾರೆ. ನೀವು ಬನ್ನಿ" ಎಂದು ಕರೆದರು. ಇವರು ಬಹಳ ಮರ್ಯಾದೆಯಿಂದ ಉತ್ತರ ಕೊಟ್ಟರು: "ಹೊಸ ಮನೆಗೆ ಹೋದಮೇಲೆ ನೋಡೋಣ ಸಾರ್."

ಹೀಗಿರುವಾಗ ಒಂದು ಸಂಜೆ ಸ್ಪಂದನಾ ಬಾಲ್ಕನಿಯಲ್ಲಿ ನಿಂತು ಗೆಳತಿಯ ಜೊತೆ ಫೋನಿನಲ್ಲಿ ಹರಟುತ್ತಿದ್ದಳು. ನಮ್ಮ ಮಗಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಂದ ಮಾತ್ರ ಬರುವುದಿಲ್ಲ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ. ಇಂಗ್ಲೆಂಡಿನ ಗಿರಾಕಿಗಳಿಂದ ಇಂಗ್ಲಿಷಿನ ಬೀದಿ ಮಾತುಗಳನ್ನೂ ಕಲಿತಿದ್ದಳು. "ಅರೇ ಯಾರ್, ಮೈ ಡ್ಯಾಡ್ ಹ್ಯಾಸ್ ಗಾನ್ ಡೂಲಾಲಿ" ಎಂದಳು.

ಡಬ್ಬದ ಮೇಲಿದ್ದ ಇವರು ತಲೆ ಎತ್ತಿದರು. "ಡೂಲಾಲಿ ಅಂದ್ರೇನು ಪುಟ್ಟಿ?"

ಅವಳ ಮುಖ ಹುಳ್ಳಗಾಯಿತು. "ಕುಛ್ ನಹೀ ಪಪ್ಪಾ."

"ಕೇಳಿದ್ದಕ್ಕೆ ಉತ್ತರ ಕೊಡು."

"ಮತ್ಲಬ್... ದಿಮಾಗ್ ಥೋಡಾ ಸಟಕ್ ಗಯಾ, ಐಸಾ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ಅಡುಗೆಮನೆಯಿಂದ ಸೌಟು ಹಿಡಿದೇ ಬಂದೆ. "ಹೆತ್ತ ಅಪ್ಪನಿಗೆ ಹುಚ್ಚ ಅಂತೀಯೇನೇ? ಅದೂ ಊರವರ ಹತ್ರ? ನಿನ್ನ ನಾಲಿಗೆಗೆ ಬರೆ ಹಾಕಬೇಕು!" ಎಂದು ಕೂಗಾಡಿದೆ. ಸ್ಪಂದನಾ ಅಳುವುದಕ್ಕೆ ಶುರು ಮಾಡಿದಳು. ಇವರು ಕೈ ಎತ್ತಿ ನನ್ನನ್ನು ತಡೆದರು. ಕೋಪವಿರಲಿಲ್ಲ ಮುಖದಲ್ಲಿ, ಬೇರೇನೋ ಇತ್ತು.

"ಇರು ಸರಳಾ. ವಿಚಿತ್ರವಾಗಿದೆ ಪದ. ಇಂಗ್ಲಿಷಿನ ಹಾಗೇ ಕೇಳೋದಿಲ್ಲ. ಎಲ್ಲಿಂದ ಬಂತಂತೆ?"

ನನಗೆ ಸೌಟು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಎಷ್ಟೋ ತಿಂಗಳಿಂದ ಈ ಮನುಷ್ಯ ಫ್ಲಾಟಿಗೆ ಸಂಬಂಧವಿಲ್ಲದ ಒಂದು ಪ್ರಶ್ನೆ ಕೇಳಿರಲಿಲ್ಲ.

ಮಾರನೆಯ ದಿನ ಸ್ಪಂದನಾ ಕೆಲಸದಿಂದ ಬಂದವಳು ಚಪ್ಪಲಿ ಕೂಡ ಬಿಡದೆ ಒಳಗೆ ನುಗ್ಗಿದಳು. ಊಟದ ಬಿಡುವಿನಲ್ಲಿ ಇಂಟರ್ನೆಟ್ಟಿನಲ್ಲಿ ಹುಡುಕಿದ್ದಳಂತೆ. "ಪಪ್ಪಾ, ದೇವಳಾಲಿ! ಅಪ್ನಾ ದೇವಳಾಲಿ, ನಾಸಿಕ್ ಕೇ ಪಾಸ್ ವಾಲಾ! ವಹೀ ಸೇ ಆಯಾ ಹೈ!"

ಅವಳು ಅರ್ಧ ಹಿಂದಿ, ಅರ್ಧ ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು. ಬ್ರಿಟಿಷರ ಕಾಲದಲ್ಲಿ ದೇವಳಾಲಿಯಲ್ಲಿ ಸೈನ್ಯದ ಕ್ಯಾಂಪಿತ್ತು. ಇಲ್ಲಿ ನೌಕರಿ ಮುಗಿಸಿದ ಸಿಪಾಯಿಗಳನ್ನು ಊರಿಗೆ ಕಳಿಸುವ ಮುಂಚೆ ಅಲ್ಲಿ ತಂದಿಡುತ್ತಿದ್ದರು. ಹಡಗು ಹೊರಡುವುದು ಚಳಿಗಾಲದ ನಾಲ್ಕಾರು ತಿಂಗಳಲ್ಲಿ ಮಾತ್ರ. ಬೇಸಗೆಗೆ ಮುಂಚೆ ಹಡಗು ತಪ್ಪಿದವರು ಮುಂದಿನ ಚಳಿಗಾಲದವರೆಗೂ ಅಲ್ಲೇ ಬಿದ್ದಿರಬೇಕು. ಹಾಗೆ ಕಾಯುತ್ತಾ ಕಾಯುತ್ತಾ ಒಬ್ಬೊಬ್ಬರ ತಲೆ ಕೆಡುತ್ತಿತ್ತು. ಅದಕ್ಕೆ ಅವರು ದೇವಳಾಲಿಯ ತಾಪ ಎಂದು ಹೆಸರಿಟ್ಟರು. ತಾಪ್ ಎಂದರೆ ಮರಾಠಿಯಲ್ಲಿ ಜ್ವರ. ಬಿಳಿಯರ ಬಾಯಲ್ಲಿ ಅದು ಡೂಲಾಲಿ ಟ್ಯಾಪ್ ಆಯಿತು, ಆಮೇಲೆ ಬಾಲ ಬಿದ್ದು ಬರೀ ಡೂಲಾಲಿ ಉಳಿಯಿತು. ಈಗ ಇಂಗ್ಲೆಂಡಿನ ಅಜ್ಜಿಯೊಬ್ಬಳು ಸ್ಪಂದನಾಳಿಗೆ ಫೋನು ಮಾಡಿ, ನಿಮ್ಮ ಬಿಲ್ಲು ನೋಡಿ ನನಗೆ ಡೂಲಾಲಿ ಹಿಡಿಯಿತು ಎನ್ನುತ್ತಾಳೆ. ಅದು ನಮ್ಮ ಕಲ್ಯಾಣದಿಂದ ಮೇಲಕ್ಕೆ ಹೋಗುವ ರೈಲು ದಾರಿಯ ಒಂದು ಸ್ಟೇಷನ್ನು ಎಂದು ಅವಳಿಗೇನು ಗೊತ್ತು ಪಾಪ.

ಇವರು ಕೇಳುತ್ತಾ ಕೇಳುತ್ತಾ ನಕ್ಕರು. ಗಡ್ಡದೊಳಗಿಂದ ಹಲ್ಲು ಕಾಣಿಸಿತು. "ಲೇ ಸರಳಾ, ನನ್ನ ಕಾಯಿಲೆಗೂ ಒಂದು ಹುಟ್ಟೂರಿದೆ ಕಣೇ! ಹೋಗಿ ನೋಡ್ಕೊಂಡು ಬರೋಣ."

"ಹೊಸ ಮನೆಗೆ ಹೋದಮೇಲೋ?" ಎಂದೆ. ಬಾಯಿ ಸುಮ್ಮನಿರುತ್ತದೆಯೇ ನನ್ನದು.

"ಈ ಶನಿವಾರ" ಎಂದರು.

ಹರಿಶ್ಚಂದ್ರರ ಹೋಟೆಲಿನ ಇಡ್ಲಿ ಕಟ್ಟಿಸಿಕೊಂಡು ಮೂವರೂ ಕಲ್ಯಾಣದಲ್ಲಿ ರೈಲು ಹತ್ತಿದೆವು. ಕಸಾರಾ ಘಾಟಿನ ಸುರಂಗಗಳಲ್ಲಿ ಸ್ಪಂದನಾ ಚಿಕ್ಕ ಮಗುವಿನ ಹಾಗೆ ಕಿರುಚಿದಳು. ಇವರು ಕಿಟಕಿಯಲ್ಲಿ ಕೂತು, ಹಾದುಹೋದ ಸ್ಟೇಷನ್ನುಗಳ ಹೆಸರು ಓದುತ್ತಾ ಬಂದರು. ನಾನು ಹೊರಗೆ ನೋಡಲೇ ಇಲ್ಲ, ಇವರನ್ನೇ ನೋಡುತ್ತಿದ್ದೆ.

ದೇವಳಾಲಿಯಲ್ಲಿ ಇಳಿದ ಕೂಡಲೇ ನಮಗಾದ ಆಶ್ಚರ್ಯ ಏನೆಂದರೆ ಅಲ್ಲಿನ ಹವೆ. ತಣ್ಣನೆಯ ಒಣ ಗಾಳಿ. ಡೊಂಬಿವಲಿಯ ಬೆವರು ಬೆನ್ನಿನಲ್ಲೇ ಆರಿತು. ಜನ ಆರೋಗ್ಯ ಸುಧಾರಿಸಿಕೊಳ್ಳುವುದಕ್ಕೆ ಬಂದು ಇರುವ ಊರಂತೆ ಅದು.

"ಇಂಥ ಹವೆಯಲ್ಲಿ ಹುಚ್ಚು ಹಿಡೀತಾ?" ಇವರು ಪ್ಲಾಟ್‌ಫಾರ್ಮಿನ ಮೇಲೇ ನಿಂತುಬಿಟ್ಟರು. "ಹಾಗಾದ್ರೆ ಬಿಸಿಲಿನ ತಪ್ಪಲ್ಲ ಬಿಡು."

ಹೊರಗೆ ರಿಕ್ಷಾದವನನ್ನು ಇವರು ತಮ್ಮ ಮುರುಕು ಮರಾಠಿಯಲ್ಲಿ, ಹಿಂದೆ ಗೋರಾ ಸಿಪಾಯಿಗಳು ಹಡಗಿಗೆ ಕಾಯುತ್ತಿದ್ದ ಜಾಗ ಯಾವುದಪ್ಪಾ ಎಂದು ಕೇಳಿದರು. ಅವನು ನಮ್ಮ ಮೂವರನ್ನೂ ಒಮ್ಮೆ ಕೆಳಗಿನಿಂದ ಮೇಲಕ್ಕೆ ನೋಡಿದ. "ಹಡಗಾ? ಸಾಹೇಬ್, ಸಮುದ್ರ ಮುಂಬೈಲಾ ರಾಹಿಲಾ!" ಸಮುದ್ರ ಮುಂಬೈಯಲ್ಲೇ ಉಳಿಯಿತಲ್ಲ ಎಂದು ನಕ್ಕ. ಡೂಲಾಲಿಯಲ್ಲೇ ನಮಗೆ ಡೂಲಾಲಿ ಎನ್ನುವ ಲೆಕ್ಕ. ಆದರೂ ಹತ್ತಿಸಿಕೊಂಡ. ಸೈನ್ಯದ ಜಾಗಕ್ಕೆ ಯಾರನ್ನೂ ಬಿಡುವುದಿಲ್ಲ, ಆದರೆ ಆಚೆ ರಸ್ತೆಯಲ್ಲಿ ಹಳೇ ಕಾಲದ ಕಟ್ಟಡಗಳಿವೆ ಎಂದು ಅಲ್ಲಿಗೆ ಕರೆದುಕೊಂಡು ಹೋದ.

ಹೆಂಚಿನ ಉದ್ದನೆಯ ಕಟ್ಟಡ, ಮುಂದೆ ಜಗುಲಿ, ಸಾಲಾಗಿ ಬಾಗಿಲುಗಳು. ಒಂದು ಬಾಗಿಲ ಮುಂದೆ ತುಳಸಿ ಕುಂಡ, ಮಂಚದ ಮೇಲೆ ಹಪ್ಪಳ ಒಣಹಾಕಿತ್ತು. ಮುದುಕಿಯೊಬ್ಬಳು ಕೋಲು ಹಿಡಿದು ಕಾಗೆ ಓಡಿಸುತ್ತಾ ಕೂತಿದ್ದಳು. ನಾನು ನೀರು ಕೇಳಿದೆ, ತಂಬಿಗೆ ತಂದುಕೊಟ್ಟಳು. ಇವರು ಜಗುಲಿಯ ಕಂಬವನ್ನು ಮುಟ್ಟಿ ನೋಡಿ, "ಆಜಿ, ಇದು ಹಿಂದೆ ಸಿಪಾಯಿಗಳು ಇರುತ್ತಿದ್ದ ಬ್ಯಾರಕ್ಕಾ?" ಎಂದು ಕೇಳಿದರು.

"ಅಸೇಲ್ ಬಾಬಾ. ಆತಾ ಆಮ್ಚಂ ಘರ್ ಆಹೇ" ಎಂದಳು. ಇದ್ದೀತಪ್ಪ, ಈಗ ನಮ್ಮ ಮನೆ.

"ಸ್ವಂತದ್ದೇ?" ಎಂದು ನಾನು ಕೇಳಿದೆ. ಹೆಂಗಸರ ಚಟ, ಎಲ್ಲಿ ಹೋದರೂ ಬಿಡುವುದಿಲ್ಲ.

ಮುದುಕಿ ನಕ್ಕಳು. "ಭಾಡ್ಯಾಚಂ. ಪಣ್ ಘರ್ ಆಮ್ಚಂಚ್." ಬಾಡಿಗೆಯದು, ಆದರೆ ಮನೆ ನಮ್ಮದೇ ಎಂದು ಹೇಳಿ ಹಪ್ಪಳ ಮಗುಚಿ ಹಾಕತೊಡಗಿದಳು. ಅಲ್ಲೇ ಅವಳ ಮೂವರು ಮಕ್ಕಳು ಹುಟ್ಟಿದ್ದಂತೆ, ಅಲ್ಲಿಗೇ ಇಬ್ಬರು ಸೊಸೆಯರನ್ನು ಮನೆ ತುಂಬಿಸಿಕೊಂಡದ್ದಂತೆ.

ವಾಪಸು ಬರುವಾಗ ಇವರು ಸ್ಟೇಷನ್ನುಗಳ ಹೆಸರು ಓದಲಿಲ್ಲ. ಇಗತ್‌ಪುರಿ ದಾಟಿದ ಮೇಲೆ ಜೇಬಿನಿಂದ ಬ್ರೋಷರು ತೆಗೆದು, ಈಜುಕೊಳದ ಚಿತ್ರವನ್ನು ಬಹಳ ಹೊತ್ತು ನೋಡಿ ಮತ್ತೆ ಒಳಗಿಟ್ಟರು. ಅಯ್ಯೋ ರಾಮಾ, ಹೋದ ಪುಟ್ಟ ಬಂದ ಪುಟ್ಟ ಆಯಿತಲ್ಲ ಎಂದುಕೊಂಡೆ. ಆದರೆ ಆ ಮುದುಕಿಯ ಮಾತು ನನ್ನ ತಲೆಯಲ್ಲಿ ಕೂತಿತ್ತು. ಅದೇ ಜಗುಲಿ, ಅದೇ ಕಂಬ. ಕಾಯುತ್ತಾ ಕೂತವರಿಗೆ ಹುಚ್ಚು ಹಿಡಿಯಿತು, ಹಪ್ಪಳ ಒಣಹಾಕಿದವಳಿಗೆ ಅದೇ ಮನೆಯಾಯಿತು. ಕಲ್ಯಾಣ ಬರುವಷ್ಟರಲ್ಲಿ ನಾನು ಒಂದು ನಿರ್ಧಾರಕ್ಕೆ ಬಂದಿದ್ದೆ. ಯಾರ ಅಪ್ಪಣೆಯನ್ನೂ ಕೇಳುವ ಹೆಣ್ಣಲ್ಲ ನಾನು.

ಮಾರನೆಯ ದಿನ ಭಾನುವಾರ. ಬೆಳಿಗ್ಗೆ ಎದ್ದು ತಲೆಗೆ ನೀರು ಹಾಕಿಕೊಂಡು ಹೊಸ್ತಿಲು ತೊಳೆದು, ಕೆಮ್ಮಣ್ಣು ರಂಗೋಲಿ ಹಾಕಿದೆ. ಸ್ಪಂದನಾಳನ್ನು ಎಬ್ಬಿಸಿ ಮಾರ್ಕೆಟ್ಟಿನಿಂದ ಮಾವಿನೆಲೆ, ಹೂವು ತರಿಸಿದೆ. ಡಬ್ಬದ ಟೇಪು ಕಿತ್ತು ಅರ್ಧ ದೇವರುಗಳನ್ನು ಹೊರಗೆ ತೆಗೆದು ಇನ್ನರ್ಧದ ಪಕ್ಕದಲ್ಲಿ ಕೂರಿಸಿದೆ. ಅಮ್ಮ ಕೊಟ್ಟ ಹಿತ್ತಾಳೆ ಪಾತ್ರೆಯ ಬಟ್ಟೆ ಬಿಚ್ಚಿದೆ. ಕಲಾಯಿ ಹಾಗೇ ಹೊಳೆಯುತ್ತಿತ್ತು. ಅರಿಶಿನ ಕುಂಕುಮ ಹಚ್ಚಿ, ಹಾಲು ತುಂಬಿ ಒಲೆಯ ಮೇಲಿಟ್ಟೆ. ಹರಿಶ್ಚಂದ್ರರನ್ನೂ ಕರೆದಿದ್ದೆ. ಅವರು ಶುಭ್ರವಾಗಿ ಪಂಚೆ ಉಟ್ಟು, ತೆಂಗಿನಕಾಯಿ ಹಿಡಿದು ಬಂದರು. ಒಂದು ಮಾತು ಕೇಳಲಿಲ್ಲ, ದೊಡ್ಡ ಮನುಷ್ಯ.

ಇವರು ಬೂಟು ಹಾಕಿಕೊಂಡು ಶಹಾಡಕ್ಕೆ ಹೊರಟವರು ಅಡುಗೆಮನೆ ಬಾಗಿಲಲ್ಲಿ ನಿಂತರು.

"ಏನೇ ಇದು? ಆ ಪಾತ್ರೆ ಯಾಕೆ ತೆಗೆದೆ? ಅದು ಹೊಸ ಮನೆಗೆ ಇಟ್ಟಿದ್ದು!"

"ಇದೇ ಹೊಸ ಮನೆ. ಗೃಹಪ್ರವೇಶ ಇವತ್ತು. ಬೂಟು ಬಿಚ್ಚಿ ಬನ್ನಿ."

"ಇಷ್ಟು ವರ್ಷ ಇದ್ದ ಬಾಡಿಗೆ ಮನೆಗೆ ಗೃಹಪ್ರವೇಶವಾ? ಯಾರಾದ್ರೂ ಮಾಡ್ತಾರೇನೇ? ಮುಹೂರ್ತ ಇಲ್ಲ, ಪುರೋಹಿತರಿಲ್ಲ. ನಿನಗೆ ತಲೆ ಕೆಟ್ಟಿದೆ!"

"ಹೂಂ, ಕೆಟ್ಟಿದೆ. ನಿಮ್ಮ ಜೊತೆ ನನಗೂ ಹಿಡೀತು ಡೂಲಾಲಿ. ನಿಮ್ಮ ಹಡಗು ಬರೋ ಹೊತ್ತಿಗೆ ಬರ್ಲಿ, ಬೇಡ ಅನ್ನೋದಿಲ್ಲ. ಆದ್ರೆ ನಾನು ಇವತ್ತಿಂದ ಮನೇಲಿರ್ತೀನಿ, ಕ್ಯಾಂಪಲ್ಲಿ ಇರೋದಿಲ್ಲ. ನನಗೆ ಆ ಏಳನೇ ಮಹಡಿ ಬೇಡ ಕಣ್ರೀ, ನನಗೆ ನೀವು ಬೇಕು!" ಎಂದೆ. ಹರಿಶ್ಚಂದ್ರರ ಮುಂದೆ, ಮಗಳ ಮುಂದೆ, ಹೀಗೆ ಮಾತಾಡಿದೆನಲ್ಲ ಎಂದು ನಾಚಿಕೆಯಾಯಿತು.

ಇವರು ಒಮ್ಮೆ ಹಜಾರದ ಬಾಗಿಲನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಅಷ್ಟರಲ್ಲಿ ಹಾಲಿನ ಅಂಚಿನಲ್ಲಿ ನೊರೆ ಏಳತೊಡಗಿತು. ಹರಿಶ್ಚಂದ್ರರು ಮೆಲ್ಲಗೆ, "ಅಕ್ಕಾ, ಹಾಲು ಆಚೆ ಬದಿಗೆ ಉಕ್ಕುವುದಲ್ವಾ? ಪೂರ್ವಕ್ಕೆ ಉಕ್ಕಬೇಕಿತ್ತು" ಎಂದರು.

ನನಗೆ ಎಲ್ಲ ನೆನಪಿತ್ತು, ಆ ಹಾಳು ಒಲೆಯ ಕಾಲು ಮಾತ್ರ ನೆನಪಿರಲಿಲ್ಲ. ಅಮ್ಮನ ಪಾತ್ರೆಯ ಹಾಲು ಪಶ್ಚಿಮಕ್ಕೆ ಉಕ್ಕಿ ಸಿಂಕಿಗೆ ಹರಿಯುವುದೇ? ಇಷ್ಟು ವರ್ಷ ಕಾದದ್ದಕ್ಕೆ ಇದೇ ಶಕುನವೇ? ನಾನು ಉರಿ ಸಣ್ಣ ಮಾಡಲೆಂದು ಕೈ ಚಾಚಿದೆ.

"ಆರಿಸ್ಬೇಡ! ತಡಿ, ತಡಿ!" ಎಂದು ಇವರು ಕೂಗಿದರು. ಎರಡೂ ಬೂಟುಗಳನ್ನು ಹಿಮ್ಮಡಿಯಿಂದ ಒದ್ದು ಕಳಚಿ ಒಳಗೆ ಬಂದರು. ಅತ್ತಿತ್ತ ನೋಡಿದರು, ಕಟ್ಟೆಯ ಮೇಲೆ ಕೈಗೆ ಏನೂ ಸಿಗಲಿಲ್ಲ. ಜೇಬಿಗೆ ಕೈ ಹಾಕಿದರು. ಬ್ರೋಷರು ಹೊರಗೆ ಬಂತು. ಅದನ್ನು ಕೈಯಲ್ಲಿ ಹಿಡಿದು ಒಂದು ಗಳಿಗೆ ನಿಂತರು. ಆಮೇಲೆ ಅದನ್ನು ಮಡಚಿದರು, ಮತ್ತೆ ಮಡಚಿದರು, ಉಗುರಿನಿಂದ ಒತ್ತಿ ಗಟ್ಟಿ ಮಾಡಿದರು. ಸ್ಟೋರ್ಸಿನಲ್ಲಿ ಕೆಲಸ ಮಾಡುವಾಗಿನ ಬೆರಳುಗಳು ಅವು, ನನಗೆ ಗುರುತು ಸಿಕ್ಕಿತು. "ಪುಟ್ಟಿ, ಒಲೆ ಸ್ವಲ್ಪ ಎತ್ತು, ಹುಷಾರು" ಎಂದರು. ಸ್ಪಂದನಾ ಬಟ್ಟೆ ಹಿಡಿದು ಅಂಚು ಎತ್ತಿದಳು. ಇವರು ಸಿಂಕಿನ ಕಡೆಯ ಕಾಲಿನ ಕೆಳಗೆ ಬ್ರೋಷರನ್ನು ತಳ್ಳಿದರು.

ಒಲೆ ಪೂರ್ವಕ್ಕೆ ವಾಲಿತು. ನೊರೆ ಎದ್ದು, ತುಂಬಿ, ಕಿಟಕಿಯ ಬಿಸಿಲು ಬೀಳುವ ಕಡೆಗೇ ಸುರಿಯಿತು.

"ಉಕ್ಕ್ತು! ಅಪ್ಪಾ, ಉಕ್ಕ್ತು!" ಎಂದು ಸ್ಪಂದನಾ ಕುಣಿದಳು. ಹುಟ್ಟಿದಾಗಿನಿಂದ ಪಪ್ಪಾ ಪಪ್ಪಾ ಎಂದವಳು. ಹರಿಶ್ಚಂದ್ರರು ಅಲ್ಲೇ ಕಾಯಿ ಒಡೆದರು. ಇವರು ಬರಿಗಾಲಲ್ಲಿ, ಗಡ್ಡದಲ್ಲಿ, ಒಲೆಯ ಮುಂದೆ ನಿಂತು ಅಳುತ್ತಿದ್ದರು. ನಾನೂ ಅತ್ತೆ, ಈ ಸಲ ಬಚ್ಚಲಿಗೆ ಹೋಗಲಿಲ್ಲ.

ಆ ಹಾಲಿಗೆ ಸಕ್ಕರೆ ಹಾಕಿ ಎಲ್ಲರಿಗೂ ಕೊಟ್ಟಾಗ ಇವರು ಲೋಟ ಹಿಡಿದು, "ಹರಿಶ್ಚಂದ್ರ ಸಾರ್, ನಿಮ್ಮ ಹೋಟ್ಲಿನ ಸ್ಟೋರ್ ಇನ್ನೂ ಹಾಗೇ ಇದೆಯಾ?" ಎಂದು ಕೇಳಿದರು.

"ಉಂಟು ಮಾರಾಯ್ರೆ, ಇನ್ನೂ ಹಾಳಾಗಿ ಉಂಟು! ನಾಳೆಯೇ ಬನ್ನಿ."

ಸೋಮವಾರ ಗಡ್ಡ ಬೋಳಿಸಿಕೊಂಡು ಹೊರಟರು. ಫ್ಲಾಟು ಸಿಕ್ಕಿತೇ ಎಂದು ನೀವು ಕೇಳುತ್ತೀರಿ, ಎಲ್ಲರೂ ಕೇಳುತ್ತಾರೆ. ಇನ್ನೂ ಇಲ್ಲ. ಗೇಟಿನ ಮುಂದೆ ಕೂತು ಪರಿಚಯವಾದ, ನಮ್ಮ ಹಾಗೇ ಬುಕ್ ಮಾಡಿದವರನ್ನೆಲ್ಲ ಸೇರಿಸಿ ಇವರೇ ಬಿಲ್ಡರನ ಮೇಲೆ ಕೇಸು ಹಾಕಿಸಿದ್ದಾರೆ. ತಾರೀಖು ಬಂದಾಗ ಹೋಟೆಲಿಗೆ ರಜೆ ಹಾಕಿ ಹೋಗುತ್ತಾರೆ, ಮುಗಿಸಿ ಮನೆಗೆ ಬರುತ್ತಾರೆ. ಫ್ಲಾಟು ಬಂದರೆ ಬರಲಿ, ಕಾಗೆಗಳಿಗೂ ಸ್ವಲ್ಪ ದಿನ ಜಾಗ ಬೇಕಲ್ಲ. ಫ್ಯಾನಿಗೆ ಎಣ್ಣೆ ಬಿತ್ತು, ಗೋಡೆಗೆ ಸುಣ್ಣವಾಯಿತು. ಒಲೆಗೆ ಹೊಸ ರಬ್ಬರು ತಂದಿದ್ದೇನೆ, ಹಾಕಲೇ ಎಂದು ಮೊನ್ನೆ ಇವರು ಕೇಳಿದರು.

"ಬೇಡ, ಹಾಗೇ ಇರ್ಲಿ" ಎಂದೆ. ಆ ಈಜುಕೊಳ, ಆ ಹೂದೋಟ ಎಲ್ಲ ಮಡಚಿಕೊಂಡು ಒಲೆಯ ಕಾಲಿನ ಕೆಳಗೆ ಕೂತಿವೆ. ಬೆಳಿಗ್ಗೆ ಅದರ ಮೇಲೆಯೇ ನಮ್ಮ ಕಾಫಿ ಆಗುತ್ತದೆ.